ಬೆಳಕು ಕಾಣ್ದಿದ್ರೂ ಒತ್ತಿದ ಬಟನ್

ಅಪ್ಪಂಗೆ ಗ್ಲಾಕೋಮಾ, ಅಂದ್ರೆ ಸಾಮಾನ್ಯವಾಗಿ ಕಣ್ಣೊಳಗಿನ ಒತ್ತಡ ಜಾಸ್ತಿಯಾಗಿ ದೃಷ್ಟಿಯ ನರ ಹಾಳಾಗೋ ಕಾಯ್ಲೆ, ಇದೆ ಅಂತ ಗೊತ್ತಾಗಿ ಎರಡು ವರ್ಷ ಆಗಿತ್ತು, ದಿನಾ ಮಲಗೋ ಮುಂಚೆ ಎರಡು ಕಣ್ಣಿಗೂ ಒಂದೊಂದು ಹನಿ ಡ್ರಾಪ್ಸ್, ಹಾಕ್ಕೊಳ್ತಿದಾರೆ ಅಂತಲೇ ನಾವೆಲ್ಲ ಅಂದ್ಕೊಂಡಿದ್ವಿ. ಕಾಫಿ ಕೊಯ್ಲಿನ ಟೈಮಲ್ಲಿ ಊರಿಗೆ ಹೋದಾಗ ನೋಡ್ತೀನಿ, ಮೂರು ತಿಂಗಳ ಹಿಂದೆ ನಾನೇ ತಂದ್ಕೊಟ್ಟ ಬಾಟಲ್, ಇನ್ನೂ ಅರ್ಧ ಇದೆ! ಓಪನ್ ಮಾಡಿ ಒಂದು ತಿಂಗಳಾದ್ರೆ ಬಿಸಾಕ್ಬೇಕಾದ ಔಷಧಿ ಅದು. ಕೇಳಿದ್ರೆ "ನೋವಿಲ್ಲ ಏನಿಲ್ಲ, ಪೇಪರ್ ಓದ್ತೀನಿ, ಎಂಥ ಕಾಯ್ಲೆ ಮಾರಾಯ ಅದು" ಅಂದ್ರು.

ಮಾರನೇ ದಿನ ಆಲ್ದೂರಲ್ಲಿ ಬಸ್ ಹತ್ತಿಸಿ ಚಿಕ್ಕಮಗಳೂರಿಗೆ ಕರ್ಕೊಂಡ್ಹೋದೆ. ಕಣ್ಣೊಳಗಿನ ಪ್ರೆಷರ್ ಬಲಗಣ್ಣಲ್ಲಿ 28, ಎಡಗಣ್ಣಲ್ಲಿ 25, ಸಾಮಾನ್ಯವಾಗಿ 10ರಿಂದ 21ರೊಳಗೆ ಇರ್ಬೇಕು. ಆಮೇಲೆ ಫೀಲ್ಡ್ ಟೆಸ್ಟ್, ಸುತ್ತಮುತ್ತ ಎಲ್ಲೆಲ್ಲಿ ಕಾಣುತ್ತೆ ಅಂತ ನೋಡೋದು. ಬೋಗುಣಿ ಥರದ ಮೆಷಿನ್‌ಗೆ ಮುಖ ಕೊಟ್ಟು ನಡುವಿನ ಚುಕ್ಕೀನೇ ನೋಡ್ತಿರ್ಬೇಕು, ಸುತ್ತ ಎಲ್ಲಾದ್ರೂ ಬೆಳಕು ಮಿಣುಕಿದ್ರೆ ಕೈಲಿರೋ ಬಟನ್ ಒತ್ಬೇಕು. ಅಪ್ಪ ಟಕಟಕ ಒತ್ತಿದ್ದೇ ಒತ್ತಿದ್ದು. ಟೆಸ್ಟ್ ಮಾಡೋ ಹುಡುಗಿ "ಅಜ್ಜಾ, ಬೆಳಕು ಬರ್ದಿದ್ದಾಗ್ಲೂ ಒತ್ತಿದೀರ, ಇನ್ನೊಂದ್ಸಲ ಮಾಡೋಣ" ಅಂದ್ಳು. ಅಪ್ಪ ನನ್ನ ಕಿವೀಲಿ, "ಒತ್ತದಿದ್ರೆ ಫೇಲ್ ಮಾಡ್ತಾರೇನೋ ಅಂತ" ಅಂದ್ರು. ನಗು ತಡೆಯೋಕಾಗ್ಲಿಲ್ಲ. ಎರಡನೇ ರಿಪೋರ್ಟ್ ಬಂದ್ಮೇಲೆ ನಗು ನಿಂತೋಯ್ತು, ಬಲಗಣ್ಣಿನ ಚಿತ್ರದಲ್ಲಿ ಕೆಳಗಿನರ್ಧ ಪೂರ್ತಿ ಕಪ್ಪು, ಅಂದ್ರೆ ಅಲ್ಲಿ ಬೆಳಕು ಕಂಡೇ ಇಲ್ಲ, ಎಡಗಣ್ಣಲ್ಲೂ ಕೆಳಗಡೆಯಿಂದಾನೇ ಶುರುವಾಗಿದೆ. ಜಗಲಿ ಮೆಟ್ಲಲ್ಲಿ ಎರಡೆರಡು ಸಲ ಎಡವಿ ಚಪ್ಪಲಿಗೆ ಬೈದಿದ್ರು ಪಾಪ.

ಡಾಕ್ಟ್ರು ಬೈಯ್ಲಿಲ್ಲ. ಡ್ರಾಪ್ಸ್ ಮರೀತೀರ ಅಂದ್ರೆ ಎಸ್‌ಎಲ್‌ಟಿ ಅಂತ ಲೇಸರ್ ಇದೆ, ಕಣ್ಣೊಳಗಿನ ನೀರು ಆಚೆ ಹೋಗೋ ಜಾಲರಿಗೆ ಅದನ್ನ ಹೊಡೆದ್ರೆ ನೀರು ಸಲೀಸಾಗಿ ಇಳಿಯುತ್ತೆ, ನರದ ಮೇಲಿನ ಒತ್ತಡ ಕಮ್ಮಿ ಆಗುತ್ತೆ ಅಂದ್ರು. "ಬಸಿಗಾಲುವೆ ಬಿಡಿಸ್ದಂಗೆ ಅನ್ನಿ" ಅಂದ್ರು ಅಪ್ಪ. ಹೋಗಿರೋ ದೃಷ್ಟಿ ಮಾತ್ರ ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳೋಕೆ ಇದು, ಅಂತ ಎರಡು ಸಲ ಹೇಳಿದ್ರು.

ಅವತ್ತು ರಾತ್ರಿ ನಾನು ಮೊಬೈಲಲ್ಲಿ ಓದಿದ್ದೇ ಓದಿದ್ದು. 2019ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಒಂದು ಸ್ಟಡಿ ಪ್ರಕಾರ, ಡ್ರಾಪ್ಸ್‌ಗೂ ಮೊದಲೇ ಲೇಸರ್ ಮಾಡಿಸ್ಕೊಂಡವರಲ್ಲಿ ನೂರಕ್ಕೆ 74 ಜನಕ್ಕೆ ಮೂರು ವರ್ಷ ಆದ್ರೂ ಡ್ರಾಪ್ಸ್ ಬೇಕಾಗಿರ್ಲಿಲ್ವಂತೆ. ಆದ್ರೆ ಅವರೆಲ್ಲ ಹೊಸದಾಗಿ ಗೊತ್ತಾದವರು, ನಮ್ಮಪ್ಪ ಎರಡು ವರ್ಷ ಕಳ್ಳಾಟ ಆಡಿದವರು.

ಲೇಸರ್ ಆಗಿದ್ದು ಮುಂದಿನ ವಾರ, ಮರಗಟ್ಟೋ ಡ್ರಾಪ್ಸ್ ಹಾಕಿ ಕಣ್ಣಿಗೊಂದು ಲೆನ್ಸ್ ಒತ್ತಿಟ್ಟು ಚಿಟ್ ಚಿಟ್ ಅಂತ, ಒಂದು ಕಣ್ಣಿಗೆ ಐದು ನಿಮಿಷ ಆಯ್ತೇನೋ ಅಷ್ಟೇ. ಒಂದು ಗಂಟೆ ಕೂರಿಸ್ಕೊಂಡು ಪ್ರೆಷರ್ ನೋಡಿ ಕಳಿಸಿದ್ರು. ರೋಡಿಗೆ ಬಂದು ನಿಂತು ಅಪ್ಪ ಬೋರ್ಡುಗಳನ್ನೆಲ್ಲ ನೋಡಿದ್ರು. "ಏನೂ ಜಾಸ್ತಿ ಕಾಣ್ತಿಲ್ವಲ್ಲೋ." ಎರಡು ಸಲ ಕೇಳಿಸ್ಕೊಂಡಿದ್ರೂ ಒಳಗೊಳಗೇ ಆಸೆ ಇಟ್ಕೊಂಡಿದ್ರು ಅಂತ ಆವಾಗ ಗೊತ್ತಾಯ್ತು. ನಾನೇನೂ ಹೇಳ್ಲಿಲ್ಲ, ಕಾಫಿ ಕುಡ್ಸಿದೆ.

ಆರು ವಾರಕ್ಕೆ ಬಲಗಣ್ಣು 19, ಎಡಗಣ್ಣು 18. ಲೇಸರಿನ ಎಫೆಕ್ಟ್ ವರ್ಷ ಕಳೆದಂಗೆ ಇಳಿದ್ರೂ ಇಳೀಬಹುದು, ಚೆಕಪ್ ತಪ್ಪಿಸೋ ಹಾಗಿಲ್ಲ. ಮನೇಲಿ ಒಬ್ಬರಿಗಿದ್ರೆ ಮಕ್ಕಳಿಗೂ ಬರೋ ಚಾನ್ಸ್ ಜಾಸ್ತಿ ಅಂತ ಅವತ್ತೇ ನನ್ನನ್ನೂ ಆ ಮೆಷಿನ್ ಮುಂದೆ ಕೂರಿಸಿದ್ರು. ಹುಡುಗಿ ಬಟನ್ ಕೈಗೆ ಕೊಡೋವಾಗ ಬಾಗಿಲ ಹತ್ರದಿಂದ ಅಪ್ಪನ ದನಿ:

"ಕಾಣದಿದ್ರೆ ಒತ್ಬೇಡ ಕಣೋ."