ತಾರಸಿಯ ಯಂತ್ರಗಳಿಗೆ ಮರೆ: ಡಿಸೆಂಬರಿನಿಂದ ಮೇವರೆಗಿನ ಕೆಲಸದ ದಾಖಲೆ

ಡಿಸೆಂಬರ್ 8

ಮಂಗಳೂರಿನ ಬಾವುಟಗುಡ್ಡೆಯ ಬುಡದಲ್ಲಿ ನಾನು ನಿರ್ವಹಣೆ ನೋಡಿಕೊಳ್ಳುತ್ತಿರುವ ನಾಲ್ಕು ಅಂತಸ್ತಿನ ವಾಣಿಜ್ಯ ಕಟ್ಟಡವೊಂದಿದೆ. ಅದರ ತಾರಸಿಯಲ್ಲಿ ಹವಾನಿಯಂತ್ರಣದ ನಾಲ್ಕು ದೊಡ್ಡ ಔಟ್‌ಡೋರ್ ಯೂನಿಟ್‌ಗಳು ಸಾಲಾಗಿ ನಿಂತಿವೆ. ಅವು ರಸ್ತೆಗೆ ಕಾಣಬಾರದೆಂದು ಹಿಂದಿನ ಗುತ್ತಿಗೆದಾರರು ಸುತ್ತಲೂ ಗಟ್ಟಿ ತಗಡನ್ನು ಕಟ್ಟಿದ್ದರು. ಕಳೆದ ಏಪ್ರಿಲ್‌ನಲ್ಲಿ ಮಧ್ಯಾಹ್ನದ ಹೊತ್ತು ಯೂನಿಟ್‌ಗಳು ಮತ್ತೆ ಮತ್ತೆ ಟ್ರಿಪ್ ಆಗತೊಡಗಿದಾಗ ಎಲ್ಲರೂ ಗ್ಯಾಸ್ ಮತ್ತು ಕಂಪ್ರೆಸರ್‌ಗಳ ಮೇಲೆ ಅನುಮಾನಪಟ್ಟರೇ ಹೊರತು ತಗಡಿನ ಕಡೆಗೆ ಯಾರ ಗಮನವೂ ಹೋಗಲಿಲ್ಲ.

ಮರೆಯನ್ನು ಬಿಚ್ಚಿಸುವ ಮುನ್ನ ಒಂದು ಪರೀಕ್ಷೆ ಮಾಡಿದೆ. ಒಂದು ಹಿಡಿ ಅಗರಬತ್ತಿ ಹಚ್ಚಿ, ತಗಡಿನ ಮೇಲಂಚಿನ ಹತ್ತಿರ, ಫ್ಯಾನಿನಿಂದ ಒಂದು ಕೈ ದೂರದಲ್ಲಿ ಹಿಡಿದೆ. ಹೊಗೆ ಮೇಲಕ್ಕೆ ಏರುವ ಬದಲು ಅಂಚಿನಲ್ಲಿ ಮಡಿಚಿಕೊಂಡು, ತಗಡಿಗೂ ಯೂನಿಟ್‌ಗೂ ನಡುವಿನ ಇಕ್ಕಟ್ಟಿನೊಳಗೆ ಇಳಿದು, ನೇರವಾಗಿ ಕಾಯಿಲ್‌ನ, ಅಂದರೆ ಕಟ್ಟಡದ ಬಿಸಿಯನ್ನು ಹೊರಗಾಳಿಗೆ ಬಿಡುವ ಕಂಡೆನ್ಸರ್ ಕೊಳವೆಗಳ, ರೆಕ್ಕೆಗಳೊಳಗೆ ನುಗ್ಗಿತು. ಅಂದರೆ ಯಂತ್ರ ತಾನು ಬಿಟ್ಟ ಬಿಸಿ ಉಸಿರನ್ನೇ ಮರಳಿ ಎಳೆದುಕೊಳ್ಳುತ್ತಿತ್ತು. ಹೊರಗಿನ ಗಾಳಿ 32 ಡಿಗ್ರಿ ಇದ್ದಾಗ ಕಾಯಿಲ್‌ನ ಬಾಯಲ್ಲಿ ಥರ್ಮಾಮೀಟರ್ 41 ತೋರಿಸಿತು. ಒಳಬರುವ ಗಾಳಿ ಬಿಸಿಯಾದಷ್ಟೂ ಕಂಡೆನ್ಸರಿನ ಒತ್ತಡ ಏರುತ್ತದೆ, ಕಂಪ್ರೆಸರ್ ಹೆಚ್ಚು ವಿದ್ಯುತ್ ತಿನ್ನುತ್ತದೆ, ಕೊನೆಗೆ ಒತ್ತಡ ಮಿತಿ ಮೀರಿದಾಗ ಯಂತ್ರ ತನ್ನ ರಕ್ಷಣೆಗಾಗಿ ತಾನೇ ನಿಲ್ಲುತ್ತದೆ. ಇನ್ನು ಆಯ್ಕೆ ಮಾಡುವ ಯಾವ ಮರೆಯಾದರೂ ಮೊದಲು ಈ ಉಸಿರಾಟಕ್ಕೆ ಒಪ್ಪಬೇಕು, ಅಂದಚಂದದ ಮಾತು ಆಮೇಲೆ ಎಂದು ಅಂದೇ ತೀರ್ಮಾನಿಸಿದೆ.

ಡಿಸೆಂಬರ್ 21

ಮರೆ ಯಾರ ಕಣ್ಣಿಗೆ ಬೇಕು ಎಂಬುದನ್ನು ಅಳೆದು ನೋಡಿದೆ. ತಾರಸಿಯ ಸ್ಲ್ಯಾಬ್ ರಸ್ತೆಯಿಂದ 13 ಮೀಟರ್ ಎತ್ತರದಲ್ಲಿದೆ, ಪ್ಯಾರಪೆಟ್ ಸೇರಿದರೆ 14. ಯೂನಿಟ್‌ಗಳು ಪ್ಯಾರಪೆಟ್‌ನಿಂದ 4 ಮೀಟರ್ ಒಳಗಿವೆ, ಸ್ಟ್ಯಾಂಡ್ ಸೇರಿ ಎತ್ತರ 2 ಮೀಟರ್. ನಿಂತವರ ಕಣ್ಣು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದೆ ಎಂದು ಹಿಡಿದರೆ ಉಳಿದದ್ದು ಹೈಸ್ಕೂಲಿನ ಸಮರೂಪ ತ್ರಿಕೋನಗಳ ಲೆಕ್ಕ. ಎದುರಿನ ಫುಟ್‌ಪಾತ್‌ನಲ್ಲಿ, 20 ಮೀಟರ್ ದೂರದಲ್ಲಿ ನಿಂತವರಿಗೆ ಪ್ಯಾರಪೆಟ್ ಒಂದೇ ಸಾಕು, ಯಂತ್ರ ಕಾಣುವುದೇ ಇಲ್ಲ. 50 ಮೀಟರ್ ದಾಟಿದ ಮೇಲೆ ಯೂನಿಟ್‌ಗಳ ತಲೆ ಇಣುಕತೊಡಗುತ್ತದೆ. 120 ಮೀಟರ್ ದೂರದ ತಿರುವಿನಿಂದ ನೋಡಿದರೆ ಸುಮಾರು 60 ಸೆಂಟಿಮೀಟರ್ ಹೊರಗೆ ಕಾಣುತ್ತದೆ. ಹತ್ತಿರದವರಿಗಿಂತ ದೂರದವರಿಗೇ ಹೆಚ್ಚು ಕಾಣುತ್ತದೆ ಎಂಬುದನ್ನು ಹಿಂದೆ ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಇದು ರಸ್ತೆಯ ಬದಿಯ ಮಾತಾಯಿತು. ಮಂಗಳೂರಿನಂಥ ಏರುತಗ್ಗಿನ ಊರಿನಲ್ಲಿ ಇನ್ನೊಂದು ಕಣ್ಣೂ ಇದೆ. ಬಾವುಟಗುಡ್ಡೆಯ ಮೇಲೆ ಟಾಗೋರ್ ಪಾರ್ಕಿದೆ, ಕಾಲೇಜುಗಳಿವೆ; ಅಲ್ಲಿ ಓಡಾಡುವವರು ಕೆಳಗಿನ ತಾರಸಿಗಳನ್ನು ಅಂಗೈಯಲ್ಲಿಟ್ಟುಕೊಂಡಂತೆ ನೋಡುತ್ತಾರೆ. ಮೇಲಿನಿಂದ ನೋಡುವವರಿಗೆ ಫ್ಯಾನುಗಳು ಕಂಡೇ ಕಾಣುತ್ತವೆ, ಏಕೆಂದರೆ ಅವುಗಳ ಮೇಲೆ ಏನನ್ನೂ ಹೊದಿಸುವಂತಿಲ್ಲ. ಆ ಬದಿಗೆ ನಾನು ಮಾಡಬಹುದಾದದ್ದು ಬದಿಗಳನ್ನು ಮುಚ್ಚುವುದು, ಪೈಪುಗಳನ್ನೂ ಕೇಬಲ್ ಟ್ರೇಗಳನ್ನೂ ಒಂದೇ ಸಾಲಿಗೆ ತರುವುದು, ಬಣ್ಣವನ್ನು ಎಚ್ಚರದಿಂದ ಆರಿಸುವುದು.

ಜನವರಿ 19

ಸಾಮಗ್ರಿಯ ಹುಡುಕಾಟ. ನನ್ನ ಮನಸ್ಸು ಮೊದಲು ಹೋದದ್ದು ಸುಟ್ಟ ಮಣ್ಣಿನ ಜಾಲಿಯ ಕಡೆಗೆ. 1865ರಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ತೆರೆದ ಊರು ಇದು. ಇಲ್ಲಿನ ಕಟ್ಟಡದ ನೆತ್ತಿಗೆ ಮಣ್ಣಿನ ಜಾಲಿಗಿಂತ ಒಪ್ಪುವಂಥದ್ದು ಇನ್ನೇನಿದೆ? ಆದರೆ ಅದರ ತೂಕವನ್ನು ಹೊರಲು ಸ್ಲ್ಯಾಬಿನ ಮೇಲೆ ತೊಲೆಯನ್ನೇ ಕಟ್ಟಬೇಕಾಗುತ್ತದೆ. ಕಾಯಿಲ್ ತೊಳೆಯುವ ದಿನ ಬಾಗಿಲಿನಂತೆ ತೆರೆಯಲೂ ಆಗುವುದಿಲ್ಲ. ಬೇಸರದಿಂದಲೇ ಕೈಬಿಟ್ಟೆ.

ತೂತಿನ ತಗಡು ಅಗ್ಗ, ದೂರದಿಂದ ನೋಡಲು ನಯ. 6 ಮಿ.ಮೀ. ತೂತುಗಳನ್ನು 9 ಮಿ.ಮೀ. ಅಂತರದಲ್ಲಿ ಓರೆಸಾಲಾಗಿ ಕೊರೆದರೆ ತೆರೆದ ಭಾಗ ಶೇ. 40ರಷ್ಟಾಗುತ್ತದೆ. ಆದರೆ ಇಂಥ ಜಿಐ (ಸತು ಲೇಪಿಸಿದ ಉಕ್ಕಿನ) ತಗಡಿನ ಒಂದು ತುಂಡನ್ನು ಕಳೆದ ಮಳೆಗಾಲದಲ್ಲಿ ತಾರಸಿಯ ಮೂಲೆಯಲ್ಲಿ ಕಟ್ಟಿಟ್ಟಿದ್ದೆ. ಈಗ ಅದನ್ನು ಕೈಗೆತ್ತಿಕೊಂಡು ನೋಡಿದರೆ ತಗಡಿನ ಮೈ ಚೆನ್ನಾಗಿಯೇ ಇದೆ, ಪ್ರತಿ ತೂತಿನ ಸುತ್ತ ಮಾತ್ರ ಕೂದಲೆಳೆಯಷ್ಟು ತೆಳ್ಳಗಿನ ಕೆಂಪು ಉಂಗುರವೊಂದು ಕೂತಿದೆ, ಅದರ ಕೆಳಗೆ ಚಹಾದ ಕಲೆಯಂಥ ಗೆರೆ ಇಳಿದಿದೆ. ಸತುವಿನ ಲೇಪವಾದ ಮೇಲೆ ತೂತು ಕೊರೆದರೆ ಆ ಅಂಚಿನಲ್ಲಿ ಉಕ್ಕು ಬೆತ್ತಲೆಯಾಗಿ ಉಳಿಯುತ್ತದೆ. ಕಡಲಿನ ಉಪ್ಪುಗಾಳಿ ಅದನ್ನು ಹುಡುಕಿಕೊಂಡು ಬರುತ್ತದೆ. ಫೈಬರ್ ಗ್ಲಾಸ್ ತುಕ್ಕು ಹಿಡಿಯುವುದಿಲ್ಲ, ಆದರೆ ಕಾಪಾಡದಿದ್ದರೆ ಬಿಸಿಲಿಗೆ ಮೈ ಪುಡಿಯೆದ್ದು ನಾರು ಹೊರಬರುತ್ತದೆ. ಬಳ್ಳಿ ಹಬ್ಬಿಸುವ ಸಲಹೆಯೂ ಬಂತು. ಉದುರಿದ ಎಲೆಗಳೆಲ್ಲ ಕಾಯಿಲ್‌ಗೆ ಅಂಟುತ್ತವೆ ಎಂದು ಒಪ್ಪಲಿಲ್ಲ.

ಉಳಿದದ್ದು ಅಲ್ಯೂಮಿನಿಯಂ ಲೂವರ್: 100 ಮಿ.ಮೀ. ಎತ್ತರ, 100 ಮಿ.ಮೀ. ಆಳವನ್ನು ತುಂಬುವಂತೆ 45 ಡಿಗ್ರಿ ಓರೆಯಾಗಿ ಕೂರುವ ಪಟ್ಟಿಗಳು. ಎರಡು ಪಟ್ಟಿಗಳ ನಡುವೆ ಗಾಳಿಗೆ ಸುಮಾರು 70 ಮಿ.ಮೀ. ದಾರಿ ಸಿಗುತ್ತದೆ.

ಫೆಬ್ರವರಿ 9

ಈ ಇಡೀ ಕೆಲಸದಲ್ಲಿ ನಾನು ಕಲಿತ ಮುಖ್ಯ ಸಂಗತಿ ಇದು, ಹಾಗಾಗಿ ವಿವರವಾಗಿ ಬರೆದಿಡುತ್ತೇನೆ. ಫ್ಯಾಬ್ರಿಕೇಟರ್ ಒಂದು ಮಾದರಿ ತಂದು ನಿಲ್ಲಿಸಿದರು. ಕಿಟಕಿಗಳಲ್ಲಿ ಇರುವಂತೆ ಪಟ್ಟಿಗಳ ಹೊರ ಅಂಚು ಕೆಳಕ್ಕೆ ಬಾಗಿತ್ತು. ಎದುರಿಗೆ ನಿಂತರೆ ಹಿಂದಿನದೇನೂ ಕಾಣುತ್ತಿರಲಿಲ್ಲ. ಆದರೆ ರಸ್ತೆಯ ತಿರುವಿಗೆ ಹೋಗಿ ನೋಡಿದಾಗ ಪ್ರತಿ ಎರಡು ಪಟ್ಟಿಗಳ ನಡುವೆ ಯೂನಿಟ್‌ನ ಬಿಳಿ ಮೈ ಗೆರೆಗೆರೆಯಾಗಿ ಕಂಡಿತು. ಕಾಗದದ ಮೇಲೆ ಗೀಚಿದಾಗ ಕಾರಣ ಹೊಳೆಯಿತು. 120 ಮೀಟರ್ ದೂರದಿಂದ ನೋಟ ಸುಮಾರು 6 ಡಿಗ್ರಿ ಮೇಲಕ್ಕೆ ಏರುತ್ತದೆ, ಪಟ್ಟಿಯ ಓರೆಯೂ ಒಳಗೆ ಹೋದಂತೆ ಮೇಲಕ್ಕೇ ಏರುತ್ತದೆ. ಹೀಗೆ ಎರಡೂ ಒಂದೇ ದಿಕ್ಕಿಗೆ ಹೊರಟಾಗ ಪ್ರತಿ 100 ಮಿ.ಮೀ.ಗೆ 10 ಮಿ.ಮೀ.ನಷ್ಟು ಸೀಳು ತೆರೆದುಕೊಳ್ಳುತ್ತದೆ. 50 ಮೀಟರ್ ದೂರದಲ್ಲಿ ನೋಟದ ಕೋನ 14 ಡಿಗ್ರಿಯಾಗಿ ಸೀಳು 25 ಮಿ.ಮೀ.ಗೆ ಹಿಗ್ಗುತ್ತದೆ.

ಅದೇ ಚೌಕಟ್ಟನ್ನು ತಲೆಕೆಳಗು ಮಾಡಿ, ಹೊರ ಅಂಚು ಮೇಲಕ್ಕೆ ಬರುವಂತೆ ನಿಲ್ಲಿಸಲು ಹೇಳಿದೆ. “ಸರ್, ಹೀಗೆ ಇಟ್ಟರೆ ಮಳೆನೀರೆಲ್ಲ ಒಳಗೆ ಬೀಳುತ್ತದಲ್ಲ?” ಎಂದು ಮೇಸ್ತ್ರಿ ಕೇಳಿದರು. ಅವರ ಅನುಭವಕ್ಕೆ ಅದು ನ್ಯಾಯವಾದ ಪ್ರಶ್ನೆ. ಆದರೆ ಒಳಗಿರುವ ಯಂತ್ರ ಮಳೆಯಲ್ಲಿ ನಿಲ್ಲಲೆಂದೇ ತಯಾರಾದದ್ದು, ಅದರ ನೆತ್ತಿಯೂ ಬಯಲೇ. ತಿರುವಿಗೆ ಮತ್ತೆ ಹೋಗಿ ನೋಡಿದರೆ ಗೆರೆಗಳು ಪೂರ್ತಿ ಮಾಯವಾಗಿದ್ದವು. ಗುಡ್ಡದ ಬದಿಯಲ್ಲಿ ನೋಟ ಕೆಳಮುಖವಾಗಿ ಬರುವುದರಿಂದ ಅಲ್ಲಿಗೆ ಮಾಮೂಲಿ ಓರೆಯೇ ಸರಿ. ಹೀಗಾಗಿ ರಸ್ತೆಯ ಎರಡು ಬದಿಗೆ ತಲೆಕೆಳಗಾದ ಪಟ್ಟಿ, ಗುಡ್ಡದ ಬದಿಗೆ ನೆಟ್ಟಗಿನ ಪಟ್ಟಿ ಎಂದು ನಕ್ಷೆ ಅಂತಿಮವಾಯಿತು. ಹಿಂಬದಿಗೆ ಮರೆಯೇ ಇಲ್ಲ, ಅಲ್ಲಿ ನೀರಿನ ಟ್ಯಾಂಕಿನ ಗೋಡೆಯಿದೆ.

ಮರೆಯ ಮೇಲಂಚು 2.1 ಮೀಟರಿಗೆ, ಅಂದರೆ ಫ್ಯಾನಿನ ಬಾಯಿಗಿಂತ ಹೆಚ್ಚು ಏರದಂತೆ ನಿಲ್ಲುತ್ತದೆ. ಕೆಳಗೆ 30 ಸೆಂಟಿಮೀಟರ್ ಖಾಲಿ ಬಿಟ್ಟಿದ್ದೇವೆ. ಪ್ಯಾರಪೆಟ್ ಒಂದು ಮೀಟರ್ ಇರುವುದರಿಂದ ಆ ಜಾಗ ರಸ್ತೆಯಿಂದ ಕಾಣುವುದಿಲ್ಲ, ತಂಪು ಗಾಳಿ ಮಾತ್ರ ಧಾರಾಳವಾಗಿ ಬರುತ್ತದೆ. ಯೂನಿಟ್‌ಗೂ ಮರೆಗೂ ನಡುವೆ ಒಂದು ಮೀಟರ್ ಅಂತರವಿದೆ.

ಮಾರ್ಚ್ 16

ಗಾಳಿಯ ಲೆಕ್ಕ. ಕಟ್ಟಡಗಳ ಮೇಲಿನ ಗಾಳಿಹೊರೆಯನ್ನು ಲೆಕ್ಕ ಹಾಕುವ ಭಾರತೀಯ ಮಾನಕ 875ರ ಮೂರನೆಯ ಭಾಗದ ಪ್ರಕಾರ ಮಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಬೆಂಗಳೂರಿನದು 33. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಇಲ್ಲಿನ ಒತ್ತಡ ಅಲ್ಲಿಗಿಂತ ಶೇ. 40ರಷ್ಟು ಹೆಚ್ಚು. 3 ಮೀಟರ್ ಅಗಲ, 1.8 ಮೀಟರ್ ಎತ್ತರದ ಒಂದು ಪ್ಯಾನೆಲ್ ಮೇಲೆ, ಆಕಾರದ ಗುಣಕಗಳನ್ನು ಸೇರಿಸುವ ಮೊದಲೇ, 500 ಕಿಲೋ ತೂಕಕ್ಕೆ ಸಮನಾದ ನೂಕು ಬೀಳುತ್ತದೆ. ಪಟ್ಟಿಗಳ ನಡುವೆ ಗಾಳಿ ನುಸುಳುತ್ತದೆ ಎಂದು ರಿಯಾಯಿತಿ ತೆಗೆದುಕೊಳ್ಳದೆ, ಗಟ್ಟಿ ಹಲಗೆಯೆಂದೇ ಭಾವಿಸಿ ಕಂಬಗಳನ್ನು ಆರಿಸಿ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಹೇಳಿದರು, ಹಾಗೆಯೇ ಮಾಡಿದೆವು.

ಕಂಬಗಳಿಗಾಗಿ ವಾಟರ್‌ಪ್ರೂಫಿಂಗ್‌ನ್ನು ತೂತು ಮಾಡಿ ಬೋಲ್ಟು ಇಳಿಸಲು ನಾನು ಒಪ್ಪಲಿಲ್ಲ. ಕೆಳಗಿನ ತೊಲೆಗಳ ನೇರಕ್ಕೆ ಪದರವನ್ನು ಕತ್ತರಿಸಿ, ಸ್ಲ್ಯಾಬಿಗೆ ಸರಳು ಕೂರಿಸಿ, 30 ಸೆಂಟಿಮೀಟರ್ ಎತ್ತರದ ಕಾಂಕ್ರೀಟ್ ಪೀಠಗಳನ್ನು ಕಟ್ಟಿಸಿ, ಪೀಠದ ಮೈಮೇಲೂ ಹತ್ತುವಂತೆ ಪದರವನ್ನು ಮತ್ತೆ ಹಾಸಿದೆವು. ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಅಂತಸ್ತಿನ ಚಾವಣಿಯನ್ನು ಟಾರ್ಚ್ ಹಿಡಿದು ಇಂಚಿಂಚಾಗಿ ನೋಡಿದೆ. ಎಲ್ಲಿಯೂ ಒದ್ದೆಯಿಲ್ಲ.

ಏಪ್ರಿಲ್ 20

ಉಕ್ಕಿನ ಕಂಬಗಳನ್ನು ಪೂರ್ತಿ ವೆಲ್ಡ್ ಮಾಡಿದ ಮೇಲೆಯೇ ಸತುವಿನ ತೊಟ್ಟಿಯಲ್ಲಿ ಮುಳುಗಿಸಿ ಗ್ಯಾಲ್ವನೈಸ್ ಮಾಡಿಸಿದೆ. ಬೋಲ್ಟುಗಳೆಲ್ಲ 316 ದರ್ಜೆಯ ಸ್ಟೇನ್‌ಲೆಸ್. ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಮತ್ತು ಉಕ್ಕು ಮುಟ್ಟಿಕೊಂಡರೆ ಅಲ್ಯೂಮಿನಿಯಂ ಸವೆಯುತ್ತದೆ. ಆದ್ದರಿಂದ ಪ್ರತಿ ಬೋಲ್ಟಿಗೂ ನೈಲಾನ್ ಬುಷ್ ಮತ್ತು ವಾಶರ್ ಹಾಕಿಸಿದೆ. ಬುಷ್ ಇಲ್ಲದೆ ಬಿಗಿದಿದ್ದ ಹನ್ನೊಂದು ಬೋಲ್ಟುಗಳನ್ನು ಹುಡುಕಿ ಬಿಚ್ಚಿಸಿದ್ದೂ ಆಯಿತು. 3 ಮೀಟರ್ ಉದ್ದದ ಅಲ್ಯೂಮಿನಿಯಂ 40 ಡಿಗ್ರಿ ಕಾದರೆ 2.8 ಮಿ.ಮೀ. ಹಿಗ್ಗುತ್ತದೆ, ಹೀಗಾಗಿ ಪ್ಯಾನೆಲ್‌ನ ಒಂದು ತುದಿಯ ತೂತುಗಳು ಉದ್ದನೆಯವು.

ಬಣ್ಣಕ್ಕೆ ಹೊಸ ಹಂಚಿನ ಕೆಂಪನ್ನು ಹಲವರು ಸೂಚಿಸಿದರು. ಗುಡ್ಡದ ಮೇಲೆ ನಿಂತು ನೋಡಿದಾಗ ಸುತ್ತಲಿನ ಹಳೆಯ ಹಂಚುಗಳು ಯಾವುವೂ ಕೆಂಪಾಗಿಲ್ಲ. ಪಾಚಿ ಒಣಗಿ ಕಪ್ಪಿಟ್ಟ ಕಂದು ಅವು. ಪೌಡರ್ ಕೋಟಿಂಗ್‌ಗೆ ಆ ಕಂದನ್ನೇ, ಹೊಳಪಿಲ್ಲದಂತೆ, ಆರಿಸಿದೆ.

ಮೇ 15

ಮೂರೂ ಬದಿಯ ಪ್ಯಾನೆಲ್‌ಗಳು ನಿಂತಿವೆ. ಇಂದು ಮಧ್ಯಾಹ್ನ ಎರಡು ಗಂಟೆಗೆ ಹೊರಗೆ 34 ಡಿಗ್ರಿ, ಕಾಯಿಲ್‌ನ ಬಾಯಲ್ಲಿ 35. ಅಗರಬತ್ತಿಯ ಹೊಗೆ ನೆಟ್ಟಗೆ ಮೇಲೇರಿತು. ಸದ್ದು ಮಾತ್ರ ಮೊದಲಿನಂತೆಯೇ ಇದೆ, ತೆರೆದ ಲೂವರ್‌ನಿಂದ ಸದ್ದು ತಗ್ಗುವುದಿಲ್ಲ. ಹಿಂಬದಿಯ ಮನೆಗಳವರಿಗಾಗಿ ಟ್ಯಾಂಕಿನ ಪಕ್ಕ ಏನು ಮಾಡಬಹುದೆಂದು ಮಳೆಗಾಲ ಕಳೆದ ಮೇಲೆ ನೋಡಬೇಕು.

ಮಳೆಗಾಲದ ಹೊಸ್ತಿಲೆಂದು ತುಳುನಾಡು ಎಣಿಸುವ ಪತ್ತನಾಜೆಗೆ ಇನ್ನು ಒಂಬತ್ತು ದಿನ. ಈಗಾಗಲೇ ಸಂಜೆ ಗುಡುಗು ಶುರುವಾಗಿರುವುದರಿಂದ ಚೌಕಟ್ಟನ್ನು ಮಿಂಚುವಾಹಕದ ಪಟ್ಟಿಗೆ ಜೋಡಿಸುವ ಕೆಲಸ ನಾಳೆಯೇ ಆಗಬೇಕು. ಆಮೇಲೆ ಉಳಿಯುವುದು ಕಾಯಿಲ್ ತೊಳೆಯುವವರು ಒಳಗೆ ಹೋಗಲು ಬೇಕಾದ ಬಾಗಿಲಿನ ಪ್ಯಾನೆಲ್ ಒಂದೇ. ಅದರ ಕೀಲುಗಳು ಗುರುವಾರ ಬರುತ್ತವೆ.