ಉಷ್ಣತೆ ಏರದ ರಾತ್ರಿ

ಕೆಮಿಕಲ್ ಫ್ಯಾಕ್ಟರಿಯಲ್ಲಿ ರಿಯಾಕ್ಟರ್, ಅಂದರೆ ರಾಸಾಯನಿಕಗಳನ್ನು ಬೆರೆಸಿ ರಿಯಾಕ್ಷನ್ ನಡೆಸುವ ದೊಡ್ಡ ಪಾತ್ರೆ, ಅದರ ಪಕ್ಕ ನಿಂತು ಕೆಲಸ ಮಾಡುತ್ತಾ ಒಂಬತ್ತು ವರ್ಷ ಆಯಿತು. ಕಂಟ್ರೋಲ್ ರೂಮಿನ ಸ್ಕ್ರೀನ್ ತುಂಬಾ ಅಂಕಿಗಳಿವೆ, ನಿಜ. ಆದರೂ ಗಂಟೆಗೊಮ್ಮೆ ಕೆಳಗಿಳಿದು ಒಂದು ಸುತ್ತು ಹಾಕದಿದ್ದರೆ ನನಗೆ ಸಮಾಧಾನವಿಲ್ಲ. ಪಂಪಿನೊಳಗೆ ಜಲ್ಲಿಕಲ್ಲು ಉರುಳಿದ ಹಾಗೆ ಸದ್ದು ಬಂದರೆ ಅದು ಕ್ಯಾವಿಟೇಶನ್, ಅಂದರೆ ದ್ರವದಲ್ಲಿ ಆವಿಯ ಗುಳ್ಳೆಗಳು ಹುಟ್ಟಿ ಒಡೆಯುತ್ತಿವೆ. ಎಷ್ಟೋ ಸಲ ಪಂಪ್ ದ್ರವ ಎಳೆದುಕೊಳ್ಳುವ ಸಕ್ಷನ್ ಕಡೆಯ ಸ್ಟ್ರೈನರ್ (ಸೋಸುವ ಜಾಲರಿ) ಕಟ್ಟಿಕೊಂಡಿರುತ್ತದೆ. ಇದು ಮೊದಲು ಗೊತ್ತಾಗುವುದು ಕಿವಿಗೇ.

ಒಂದು ರಾತ್ರಿ ಪಾಳಿಯನ್ನು ಮಾತ್ರ ಮರೆಯಲು ಆಗುವುದಿಲ್ಲ. ತಾನೇ ಬಿಸಿ ಹುಟ್ಟಿಸುವ ರಿಯಾಕ್ಷನ್. ಎರಡನೇ ದ್ರವವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದೆ. ಬಿಟ್ಟ ಹಾಗೆಲ್ಲ ಉಷ್ಣತೆ ಒಂದೆರಡು ಡಿಗ್ರಿ ಏರಬೇಕು. ಅವತ್ತು ಏರಲೇ ಇಲ್ಲ. ಹೊಸಬರಿಗೆ ಇದು ಒಳ್ಳೆಯದೇ ಅನ್ನಿಸಬಹುದು, ಅಲ್ವಾ? ನನಗೆ ಎದೆ ಝಲ್ಲೆಂದಿತು.

ದ್ರವ ಬಿಡುವ ಫೀಡ್ ವಾಲ್ವ್ ಮುಚ್ಚಿ ಓಡಿದೆ. ಒಳಗಿನದನ್ನು ಕಲಕುವ ಅಜಿಟೇಟರ್‌ನ ಮೋಟರ್ ತಿರುಗುತ್ತಲೇ ಇತ್ತು, ಆದರೆ ಆಂಪಿಯರ್ ಇಳಿದಿತ್ತು, ಅಂದರೆ ಮೋಟರ್ ಮೇಲೆ ಭಾರವೇ ಇರಲಿಲ್ಲ. ಮೋಟರನ್ನೂ ಬ್ಲೇಡನ್ನೂ ಜೋಡಿಸುವ ಕಪ್ಲಿಂಗ್ ಬಿಟ್ಟುಹೋಗಿ ಒಳಗೆ ಬ್ಲೇಡ್ ನಿಂತಿತ್ತು. ಬಿಟ್ಟ ದ್ರವ ಬೆರೆಯದೆ ಹಾಗೇ ಕೂತಿತ್ತು.

ಆಗ ಸುಮ್ನೆ ರಿಪೇರಿ ಮಾಡಿ ತಿರುಗಿಸಿದರೆ ಎಲ್ಲವೂ ಒಟ್ಟಿಗೇ ಕೆರಳುತ್ತದೆ. ಬಹಳಷ್ಟು ರಿಯಾಕ್ಷನ್‌ಗಳ ವೇಗ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ರಿಯಾಕ್ಟರ್ ಸುತ್ತಲಿನ ಹೊರಕವಚವಾದ ಜಾಕೆಟ್‌ನಲ್ಲಿ ಹರಿಯುವ ತಣ್ಣೀರು ಎಷ್ಟು ಬಿಸಿ ಎಳೆದೀತು? ಕೂಲಿಂಗ್ ಪೂರ್ತಿ ತೆರೆದೆ. ಮೋಟರ್ ನಿಲ್ಲಿಸಿ ಇನ್‌ಚಾರ್ಜ್‌ಗೆ ಫೋನ್ ಮಾಡಿದೆ. ಯಾರೂ ಸ್ವಿಚ್ ಮುಟ್ಟದಂತೆ ಬೀಗ ಹಾಕಿ ಟ್ಯಾಗ್ ಕಟ್ಟಿದೆ.

ಬೆಳಿಗ್ಗೆ ಪಾಳಿ ಬದಲಾಗುವಾಗ ಬರೀ ಲಾಗ್ ಶೀಟ್ ಕೊಟ್ಟು ಹೊರಡಲಿಲ್ಲ. ಮುಂದಿನ ಪಾಳಿಯ ಹುಡುಗನನ್ನು ಕರೆದುಕೊಂಡು ಹೋಗಿ, ಮುಚ್ಚಿದ ವಾಲ್ವನ್ನೂ ಆ ಟ್ಯಾಗನ್ನೂ ಕೈಯಾರೆ ಮುಟ್ಟಿಸಿದೆ.