ಮನೆ ಸ್ಟುಡಿಯೋಗೆ ಯಾವ ಕಂಪ್ಯೂಟರ್ ಅಂತ ಇನ್ನು ನನ್ನ ಕೇಳಬೇಡಿ

ಪ್ರಶ್ನೆ ಯಾವಾಗಲೂ ಒಂದೇ. "ಮನೇಲೇ ಮ್ಯೂಸಿಕ್ ಮಾಡೋಕೆ ಬೆಸ್ಟ್ ಕಾನ್ಫಿಗರೇಷನ್ ಹೇಳಿ." ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಕೇಳಿದ್ದಾರೆ, ಎಲೆಗೆ ಪಾಯಸ ಬೀಳುವ ಹೊತ್ತಿಗೆ. ಏನು ಮ್ಯೂಸಿಕ್ ಅಂತ ವಾಪಸ್ ಕೇಳಿದರೆ "ಎಲ್ಲಾ ಥರದ್ದೂ" ಅನ್ನುತ್ತಾರೆ. ಇನ್ನು ಬಾಯಲ್ಲಿ ಹೇಳುವುದಿಲ್ಲ. ಇಲ್ಲಿ ಬರೆದಿದ್ದೇನೆ, ಓದಿಕೊಳ್ಳಿ.

ಆರೋ ಎಂಟೋ ಕೋರ್ ಇರುವ ಈಚಿನ ಪ್ರೊಸೆಸರ್ ಸಾಕು. ದನಿ ತಿದ್ದುವ, ಎಕೋ ಸೇರಿಸುವ ಪುಟ್ಟ ಸಾಫ್ಟ್‌ವೇರ್‌ಗಳಿಗೆ ಪ್ಲಗಿನ್ ಅನ್ನುತ್ತಾರೆ. ಒಂದು ಟ್ರ್ಯಾಕ್ ಮೇಲೆ ಸಾಲಾಗಿ ಹಾಕಿದ ಪ್ಲಗಿನ್‌ಗಳು ಸಾಮಾನ್ಯವಾಗಿ ಒಂದೇ ಕೋರ್ ಮೇಲೆ ಓಡುತ್ತವೆ. ಹಾಗಾಗಿ ಕೋರ್ ಎಷ್ಟಿವೆ ಅನ್ನುವುದಕ್ಕಿಂತ ಒಂದೊಂದೂ ಎಷ್ಟು ಚುರುಕು ಅನ್ನುವುದನ್ನು ನೋಡಿ. ಹಾಡು ರೆಕಾರ್ಡ್ ಮಾಡುವವರಿಗೆ 16 ಜಿಬಿ ರ‍್ಯಾಮ್. ಪಿಟೀಲು, ಕೊಳಲು, ಇಡೀ ಆರ್ಕೆಸ್ಟ್ರಾ ಎಲ್ಲವನ್ನೂ ಸ್ಯಾಂಪಲ್‌ನಲ್ಲೇ (ಮೊದಲೇ ರೆಕಾರ್ಡ್ ಮಾಡಿಟ್ಟ ಸ್ವರಗಳಲ್ಲೇ) ನುಡಿಸುವವರಿಗೆ 32 ಅಥವಾ ಅದಕ್ಕೂ ಜಾಸ್ತಿ. ಸ್ಯಾಂಪಲ್‌ಗಳು ಎಸ್‌ಎಸ್‌ಡಿಯಲ್ಲೇ (ವೇಗದ ಡಿಸ್ಕ್‌ನಲ್ಲೇ) ಇರಲಿ. ಎಷ್ಟೋ ಸ್ಯಾಂಪ್ಲರ್‌ಗಳು ಪ್ರತಿ ಸ್ವರದ ಶುರುವನ್ನಷ್ಟೇ ರ‍್ಯಾಮ್‌ನಲ್ಲಿಟ್ಟುಕೊಂಡು, ಉಳಿದದ್ದನ್ನು ಡಿಸ್ಕ್‌ನಿಂದ ನುಡಿಸುವಾಗಲೇ ಎಳೆದುಕೊಳ್ಳುತ್ತವೆ. ಮುಗಿಯಿತು.

ಗ್ರಾಫಿಕ್ಸ್ ಕಾರ್ಡ್? ಬೇಡ. ಪ್ರೊಸೆಸರ್ ಒಳಗಿನದೇ ಸಾಕು. ಇಂಟೆಲ್ ತಗೊಳ್ಳುವವರು ಹೆಸರಿನ ಕೊನೆಗೆ 'ಎಫ್' ಇದ್ದರೆ ಬಿಡಿ, ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ.

ಹಿಂದೊಮ್ಮೆ ಪಕ್ಕದ ಬೀದಿಯ ಹುಡುಗನೊಬ್ಬ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಿಂದ ಕೊಟೇಶನ್ ಹಿಡಿದುಕೊಂಡು ಬಂದ. ಜೊತೆಗೆ ಅವನ ಅಮ್ಮ. ಅಕ್ಕನ ಹಾಡು ರೆಕಾರ್ಡ್ ಮಾಡಬೇಕಂತೆ. ಅರ್ಧ ದುಡ್ಡು ಗ್ರಾಫಿಕ್ಸ್ ಕಾರ್ಡಿಗೇ ಹೋಗಿತ್ತು. ಕ್ಯಾಬಿನೆಟ್ ತುಂಬ ಬಣ್ಣ ಬದಲಿಸುವ ಫ್ಯಾನುಗಳು. ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಪಟ್ಟಿಯಲ್ಲೇ ಇಲ್ಲ! "ಮೈಕ್ ಎಲ್ಲಿಗೆ ಚುಚ್ಚುತ್ತೀಯಪ್ಪಾ?" ಅಂದೆ. "ಹಿಂದೆ ಪಿಂಕ್ ಹೋಲ್ ಇರುತ್ತಲ್ಲ ಅಂಕಲ್?" ಕ್ಯಾಬಿನೆಟ್ ಎಲ್ಲಿಡುತ್ತೀಯಾ ಅಂದರೆ, "ಟೇಬಲ್ ಮೇಲೆ, ಮೈಕ್ ಪಕ್ಕ. ಲೈಟ್ ಕಾಣಬೇಕಲ್ಲ?" ಅವನಮ್ಮ ನನ್ನ ಮುಖ ನೋಡಿದರು. ನಾನು ಕೊಟೇಶನ್ ನೋಡಿದೆ.

ಇಂಟರ್‌ಫೇಸ್ ಇಲ್ಲದೆ ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ಕರೆಂಟ್ ಎಲ್ಲಿಂದ ಬರಬೇಕು? ಜೊತೆಗೆ ಒಳ್ಳೆಯ ಏಸಿಯೋ ಡ್ರೈವರ್ (ವಿಂಡೋಸ್‌ನಲ್ಲಿ ಸದ್ದು ತಡವಾಗದ ಹಾಗೆ ನೋಡಿಕೊಳ್ಳುವ ಸಾಫ್ಟ್‌ವೇರ್) ಬರುವುದೂ ಅದರಿಂದಲೇ. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ತುಣುಕು) ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕುಗಳನ್ನು, 128 ಇಟ್ಟರೆ ಆಗುವ ತಡ 2.7 ಮಿಲಿಸೆಕೆಂಡ್. 1024 ಇಟ್ಟರೆ 21. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಇನ್ನೊಮ್ಮೆ. ಹೆಡ್‌ಫೋನ್‌ನಲ್ಲಿ ತನ್ನ ದನಿ ಹಾಗೆ ಹಿಂದೆ ಬಿದ್ದರೆ ಹಾಡುವವಳಿಗೆ ತಾಳ ಹೇಗೆ ನಿಲ್ಲಬೇಕು? ರೆಕಾರ್ಡಿಂಗ್‌ಗೆ ಬಫರ್ ಇಳಿಸಿ, ಮಿಕ್ಸಿಂಗ್‌ಗೆ ಏರಿಸಿ.

ಆ ಹುಡುಗ ಕೇಳಬೇಕಾಗಿದ್ದ ಪ್ರಶ್ನೆಯನ್ನು ನನಗೆ ಇವತ್ತಿನವರೆಗೂ ಯಾರೂ ಕೇಳಿಲ್ಲ. ನನ್ನ ರೂಮಿನಲ್ಲಿ ಯಾವ್ಯಾವ ಸದ್ದು ಇದೆ? ತಂಬೂರಿಯ ನಾದ ನಿಧಾನಕ್ಕೆ ಇಳಿಯುತ್ತದೆ. ಅದರ ಬಾಲದಲ್ಲಿ ಕ್ಯಾಬಿನೆಟ್ ಫ್ಯಾನ್ 'ಸುಂಯ್' ಅನ್ನುತ್ತಿರುತ್ತದೆ. ಆಮೇಲೆ ಕಂಪ್ರೆಸರ್ (ದನಿಯ ಏರಿಳಿತ ತಗ್ಗಿಸುವ ಪ್ಲಗಿನ್) ಹಾಕಿ ಲೆವೆಲ್ ಎತ್ತಿದಿರೋ, ಆ ಸುಂಯ್ ಕೂಡ ಮೇಲೆ ಬರುತ್ತದೆ. ಅದಕ್ಕೇ ಕಾರ್ಡಿನ ದುಡ್ಡನ್ನು ದೊಡ್ಡ ಕೂಲರ್‌ಗೆ, ನಿಧಾನಕ್ಕೆ ತಿರುಗುವ 140 ಮಿಲಿಮೀಟರ್ ಫ್ಯಾನ್‌ಗಳಿಗೆ ಹಾಕಿ ಅನ್ನುವುದು. ಕ್ಯಾಬಿನೆಟ್ ಟೇಬಲ್ ಕೆಳಗೆ, ಮೈಕಿನ ಬೆನ್ನ ಹಿಂದೆ ಇರಲಿ. ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಹಿಂದಿನದು ತೀರಾ ಕಡಿಮೆ ಕೇಳುತ್ತದೆ.

ಹಾಗೇ ಮೇಲೆ ನೋಡಿ. ಸೀಲಿಂಗ್ ಫ್ಯಾನ್ ತಿರುಗುತ್ತಿದೆ ಅಲ್ವಾ? ಆರಿಸಿ. ಸ್ಪೀಕರ್‌ನಲ್ಲಿ 'ಗುಂಯ್' ಅಂತ 50 ಹರ್ಟ್ಸ್ ಹಮ್ ಇದ್ದರೆ ಇಂಟರ್‌ಫೇಸ್ ಬೈಯುವ ಮೊದಲು ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ನೋಡಿಸಿ. ಕೆಳಗಡೆ ಬೋರ್‌ವೆಲ್ ಮೋಟರ್, "ಈರುಳ್ಳೀ, ಟೊಮ್ಯಾಟೋ" ಅಂತ ಕೂಗುವ ಗಾಡಿಯ ಸ್ಪೀಕರ್, ಪಕ್ಕದ ಮನೆ ಕುಕ್ಕರ್. ಐ9ನಂಥ ದುಬಾರಿ ಪ್ರೊಸೆಸರ್ ಹಾಕಿದರೂ ಇವು ನಿಲ್ಲುವುದಿಲ್ಲ. ಬಟ್ಟೆ ತುಂಬಿದ ಬೀರು ಇರುವ ರೂಮಿನಲ್ಲಿ, ಗೋಡೆಗೆ ದಪ್ಪ ರಜಾಯಿ ಕಟ್ಟಿ, ರಾತ್ರಿ ಹತ್ತರ ಮೇಲೆ ಹಾಡಿಸಿ.

ಹುಡುಗ ಕೊನೆಗೂ ಗ್ರಾಫಿಕ್ಸ್ ಕಾರ್ಡನ್ನೇ ತಗೊಂಡ. ಗೇಮ್ ಚೆನ್ನಾಗಿ ಓಡುತ್ತಂತೆ.

ಇನ್ನು "ಮ್ಯಾಕ್ ತಗೊಳ್ಳಲಾ?" ಅನ್ನುವವರಿಗೆ: ತಗೊಳ್ಳಿ. ಆಪಲ್‌ನ ಎಂ1 ಚಿಪ್ ಬಂದ 2020ರಿಂದ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ. ಆದರೆ ರ‍್ಯಾಮ್ ಆಮೇಲೆ ಹಾಕಿಸಲು ಆಗುವುದಿಲ್ಲ, ಅಂಗಡಿಯಲ್ಲೇ ತೀರ್ಮಾನ ಮಾಡಿ. ಇದರ ಮೇಲೆ ವಿಂಡೋಸ್-ಮ್ಯಾಕ್ ಜಗಳಕ್ಕೆ ನನ್ನನ್ನು ಕರೆಯಬೇಡಿ, ಬರುವುದಿಲ್ಲ.